ರೂಟರ್‌ನಲ್ಲಿ ಡಿಎನ್‌ಎಸ್ ಬದಲಿಸಿದರೂ ಅಶ್ಲೀಲ ತಾಣ ತೆರೆಯುತ್ತಿದ್ದರೆ

ವಿಜಯಪುರದ ಮನೆ, ಫೈಬರ್ ಕನೆಕ್ಷನ್. ರೂಟರ್‌ನ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ಅಂಕಿ-ವಿಳಾಸ ಹುಡುಕಿಕೊಡುವ ಸೇವೆ) ಖಾನೆಗೆ ಅಶ್ಲೀಲ ತಾಣ ತಡೆಯುವ ಕ್ಲೌಡ್‌ಫ್ಲೇರ್‌ನ 1.1.1.3 ಹಾಕಿದ್ದರೂ ಮಕ್ಕಳ ಮೊಬೈಲ್‌ನಲ್ಲಿ ಅಶ್ಲೀಲ ತಾಣಗಳು ತೆರೆಯುತ್ತಿದ್ದವು; ಹಳೆ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಬಂದ್.

ಇದಕ್ಕೆ ಗೂಗಲ್‌ನ ಸೇಫ್‌ಸರ್ಚ್ ಸಾಕಾಗದು: ಅದು ಹುಡುಕಾಟದ ಫಲಿತಾಂಶವನ್ನಷ್ಟೇ ಸೋಸುತ್ತದೆ, ವಿಳಾಸ ನೇರ ಟೈಪ್ ಮಾಡಿದರೆ ತಡೆಯದು. ಒಂದೊಂದೇ ತಾಣ ಬ್ಲಾಕ್ ಮಾಡೂದು ಮುಗಿಯೋ ಕೆಲಸ ಅಲ್ಲ.

ಮೊಬೈಲ್‌ನಲ್ಲಿ ತಾಣ ತೆರೆಯಲು ಕಾರಣ ಐಪಿವಿ6 (ಇಂಟರ್ನೆಟ್ ವಿಳಾಸದ ಹೊಸ ಮಾದರಿ): ಮೊಬೈಲ್‌ಗೆ ಇಂಟರ್ನೆಟ್ ಕಂಪನಿಯ ಐಪಿವಿ6 ಡಿಎನ್‌ಎಸ್ ಬೇರೆಯಾಗಿ ಸಿಗುತ್ತಿತ್ತು. ಹಿಂಗ ಮಾಡ್ರಿ. ಮೊದಲು ರೂಟರ್‌ನ ಡಿಎಚ್‌ಸಿಪಿ (ಮನೆಯ ಸಾಧನಗಳಿಗೆ ವಿಳಾಸ, ಡಿಎನ್‌ಎಸ್ ಹಂಚುವ) ಪುಟದಲ್ಲಿ ಡಿಎನ್‌ಎಸ್‌ಗೆ 1.1.1.3, 1.0.0.3 ಹಾಕ್ರಿ. ಎರಡನೇ ಖಾನೆಯಲ್ಲಿ ಅಶ್ಲೀಲ ತಾಣ ತಡೆಯದ ಗೂಗಲ್ ಡಿಎನ್‌ಎಸ್ 8.8.8.8 ಉಳಿಸಿದರೆ ಎಲ್ಲ ವ್ಯರ್ಥ. ನಂತರ ಐಪಿವಿ6 ಡಿಎನ್‌ಎಸ್‌ಗೆ 2606:4700:4700::1113 ಮತ್ತು 2606:4700:4700::1003. ಆ ಖಾನೆಯೇ ಇಲ್ಲದಿದ್ದರೆ ಐಪಿವಿ6 ಆಫ್. ರೂಟರ್ ರೀಸ್ಟಾರ್ಟ್ ಮಾಡಿ, ಮೊಬೈಲ್‌ನ ವೈಫೈ ಆಫ್-ಆನ್ ಮಾಡಿ. ಕ್ರೋಮ್‌ನಲ್ಲಿ ‘ಸೆಕ್ಯೂರ್ ಡಿಎನ್‌ಎಸ್’ ಆಫ್ ಇರಲಿ, ಇಲ್ಲವಾದರೆ ಅದು ರೂಟರ್ ಮಾತು ಕೇಳದಿರಬಹುದು.

ಮೊಬೈಲ್ ಡೇಟಾಕ್ಕ ಇದ್ಯಾವುದೂ ಲಾಗೂ ಆಗೂದಿಲ್ಲ.