ಶಿಳ್ಳೆ ಊದಿದ ಮೇಲೆ ಮೈದಾನದಲ್ಲಿ ಉಳಿಯುವವರು

ಎಂ.ಪಿ.ಎಡ್. (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಓದುವಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಇತ್ತು. ದಾವಣಗೆರೆಯಲ್ಲಿ ಡಿಗ್ರಿ, ಪಿಜಿ ಓದುತ್ತಿರುವ ಈ ಹುಡುಗ ಹುಡುಗಿಯರು ಆಟ ಆಡುವುದು ಯಾಕೆ? ಅಟೆಂಡೆನ್ಸ್ ಸಿಗುತ್ತೆ ಅಂತಲಾ, ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಗಬಹುದು ಅಂತಲಾ, ಇಲ್ಲಾ ಆಟವೇ ಇಷ್ಟ ಅಂತಲಾ? ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿಕೊಂಡು ಬೆಳೆದವನು ನಾನು. ಬರೀ ಬಹುಮಾನದ ಆಸೆಗೆ ಯಾರೂ ಗರಡಿಯ ಮಣ್ಣಲ್ಲಿ ಅಷ್ಟು ಹೊರಳಾಡಲ್ಲ ಅಂತ ನನಗೆ ಅನಿಸಿತ್ತು. ಆದರೆ ಅನಿಸಿದರೆ ಸಾಲದು, ಅಳೆಯಬೇಕಲ್ವಾ?

ಅಳೆಯಲು ಪ್ರಶ್ನಾವಳಿ ಮೊದಲೇ ಇತ್ತು. ಕೆನಡಾದ ಮನಃಶಾಸ್ತ್ರಜ್ಞ ಪೆಲ್ಟಿಯೆ ಮತ್ತು ಜೊತೆಗಾರರು 1995ರಲ್ಲಿ ಇಂಗ್ಲಿಷಿಗೆ ತಂದ ಸ್ಪೋರ್ಟ್ ಮೋಟಿವೇಶನ್ ಸ್ಕೇಲ್. ‘ಈ ಆಟ ಯಾಕೆ ಆಡುತ್ತೀರಿ’ ಅನ್ನೋದಕ್ಕೆ ಅದರಲ್ಲಿ 28 ಉತ್ತರಗಳಿವೆ. ಪ್ರತಿಯೊಂದೂ ನಮಗೆ ಎಷ್ಟು ಹೊಂದುತ್ತೆ ಅಂತ 1ರಿಂದ 7ರವರೆಗೆ ಅಂಕಿ ಕೊಡಬೇಕು. ಒಳಗಿನ ಪ್ರೇರಣೆಯನ್ನು ಅದು ಮೂರು ತರ ನೋಡುತ್ತೆ: ಹೊಸದು ಕಲಿಯುವ ಖುಷಿ, ಕಷ್ಟದ್ದನ್ನು ಸಾಧಿಸುವ ಖುಷಿ, ಆಡುವಾಗ ಮೈ ಜುಮ್ ಅನ್ನುವ ಖುಷಿ. ಉಳಿದದ್ದು ಹೊರಗಿನ ಕಾರಣಗಳು, ಮತ್ತೆ ‘ಯಾಕೆ ಆಡ್ತಿದ್ದೀನೋ ಗೊತ್ತಿಲ್ಲ’ ಅನ್ನುವ ಸ್ಥಿತಿ.

ಮೊದಲ ಸುತ್ತು ಪೂರ್ತಿ ಹಾಳಾಯಿತು. ಇಂಗ್ಲಿಷ್ ಫಾರಂ ಹಂಚಿದ್ದೆ. ಅದೂ ಪ್ರಾಕ್ಟೀಸ್ ಮುಗಿದ ತಕ್ಷಣ, ಕೋಚ್ ಪಕ್ಕದಲ್ಲೇ ನಿಂತಿದ್ದಾಗ. ಹಾಳೆ ತುಂಬಾ ಬರೀ 7. ಟೀಮ್ ಸೆಲೆಕ್ಷನ್ ಮಾಡುವವರ ಎದುರು ‘ನನಗೆ ಆಟದಲ್ಲಿ ಆಸಕ್ತಿ ಕಮ್ಮಿ’ ಅಂತ ಯಾರು ಬರೆದಾರು? ತಪ್ಪು ನನ್ನದೇ. ಆ ಹಾಳೆಗಳನ್ನೆಲ್ಲ ಪಕ್ಕಕ್ಕಿಟ್ಟೆ.

ಆಮೇಲೆ ಕನ್ನಡಕ್ಕೆ ತರಲು ಕೂತೆ. ಇಡೀ ಕೆಲಸದಲ್ಲಿ ನಾನು ಜಾಸ್ತಿ ಕಲಿತದ್ದು ಇಲ್ಲೇ. ಆಟಕ್ಕೆ ಸಮಯ ಕೊಡದಿದ್ದರೆ ಮನಸ್ಸಿಗೆ ಚುಚ್ಚುತ್ತೆ ಅನ್ನುವ ಅರ್ಥದ ಒಂದು ವಾಕ್ಯವಿದೆ. ನಾನು ‘ಆಡದಿದ್ದರೆ ಬೇಜಾರಾಗುತ್ತೆ’ ಅಂತ ಬರೆದೆ. ಮೂಲವನ್ನು ನೋಡಿರದ ಇಂಗ್ಲಿಷ್ ಲೆಕ್ಚರರ್ ಗೆಳೆಯರೊಬ್ಬರಿಗೆ ನನ್ನ ಕನ್ನಡ ಕೊಟ್ಟು, ವಾಪಸ್ ಇಂಗ್ಲಿಷ್ ಮಾಡಿಕೊಡಿ ಅಂದೆ. ಅವರು ಬೇಜಾರು ಅಂದರೆ ಬೋರ್ ಅಂತ ತಗೊಂಡಿದ್ದರು! ನಮ್ಮ ಕಡೆ ಬೇಜಾರು ಅಂದರೆ ದುಃಖವೂ ಹೌದು, ಬೋರೂ ಹೌದು. ಆಡದಿದ್ದರೆ ಬೋರಾಗುವವನಿಗೆ ಆಟ ಇಷ್ಟ. ಆಡದಿದ್ದರೆ ಒಳಗೇ ಚುಚ್ಚಿಸಿಕೊಳ್ಳುವವನನ್ನು ಏನೋ ಒತ್ತಾಯ ದೂಡುತ್ತಿದೆ. ಒಂದು ಪದಕ್ಕೆ ಎರಡೂ ಬೆರೆತು ಹೋಗುತ್ತಿದ್ದವು. ಕೊನೆಗೆ ‘ಆಡದಿದ್ದರೆ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತೆ’ ಅಂತ ಬದಲಿಸಿದೆ. ಆಡುವಾಗಿನ ಜೋಶ್‌ಗೆ ಮೊದಲು ‘ಉದ್ವೇಗ’ ಅಂತ ಹಾಕಿದ್ದೆ. ಒಬ್ಬ ಹುಡುಗ ಗಂಭೀರವಾಗಿ ಕೇಳಿದ, ‘ಸರ್, ಬಿಪಿ ಬಗ್ಗೆನಾ?’ ಅದನ್ನೂ ಕಿತ್ತುಹಾಕಿದೆ.

ಎರಡನೇ ಸುತ್ತಿನಲ್ಲಿ ಕೋಚ್ ಇರಲಿಲ್ಲ. ಫಾರಂನಲ್ಲಿ ಹೆಸರಿನ ಬದಲು ಒಂದು ನಂಬರ್ ಮಾತ್ರ. ತುಂಬಿದ ಹಾಳೆಯನ್ನು ಮಡಚಿ ಡಬ್ಬಿಗೆ ಹಾಕಬೇಕು. ಒಳಗಿನ ಪ್ರೇರಣೆ ಅಳೆಯುವ ಇನ್ನೊಂದು ಪ್ರಶ್ನಾವಳಿ ಇಂಟ್ರಿನ್ಸಿಕ್ ಮೋಟಿವೇಶನ್ ಇನ್ವೆಂಟರಿಯಿಂದ ಖುಷಿ ಅಳೆಯುವ 7 ವಾಕ್ಯಗಳನ್ನೂ ಸೇರಿಸಿದೆ. ಅದರಲ್ಲಿ ಎರಡು ಉಲ್ಟಾ ವಾಕ್ಯಗಳು. ‘ತುಂಬಾ ಮಜಾ’ ಅನ್ನೋದಕ್ಕೂ 7, ‘ಬೋರ್’ ಅನ್ನೋದಕ್ಕೂ 7 ಬಂದರೆ ಅವನು ಓದಿಲ್ಲ ಅಂತ ಗೊತ್ತಾಗುತ್ತೆ. ಲೆಕ್ಕ ಹಾಕುವಾಗ ಉಲ್ಟಾ ವಾಕ್ಯದ ಅಂಕಿಯನ್ನು 8ರಿಂದ ಕಳೆಯಬೇಕು, ಮರೆತರೆ ಎಲ್ಲಾ ತಲೆಕೆಳಗು. ಒಂದೇ ಗುಂಪಿನ ವಾಕ್ಯಗಳು ಒಂದೇ ವಿಷಯ ಅಳೆಯುತ್ತಿವೆಯಾ ಅಂತ ಎಕ್ಸೆಲ್‌ನಲ್ಲಿ ಕ್ರಾನ್‌ಬಾಕ್ ಆಲ್ಫಾ ಅನ್ನುವ ಅಂಕಿ ತೆಗೆದೆ. 0.70 ದಾಟಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಆದರೂ ಬರೀ ಹಾಳೆ ನಂಬಲು ಮನಸ್ಸಾಗಲಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಪಜಲ್ ಕೊಟ್ಟು, ನಡುವೆ 8 ನಿಮಿಷ ಕೋಣೆಯಿಂದ ಹೊರಗೆ ಹೋಗಿ, ಯಾರೂ ಹೇಳದೆ ಇದ್ದಾಗ ಅದನ್ನು ಎಷ್ಟು ಹೊತ್ತು ಹಿಡಿದಿರುತ್ತಾರೆ ಅಂತ ನೋಡಿದ್ದರು. ಬಿಡಿಸಿದ್ದಕ್ಕೆ ದುಡ್ಡು ಪಡೆದಿದ್ದವರಲ್ಲಿ, ದುಡ್ಡು ನಿಂತ ಮೇಲೆ ಆಸಕ್ತಿ ಇಳಿದಿತ್ತು. ನಾನೂ ಅದನ್ನೇ ಮೈದಾನಕ್ಕೆ ತಂದೆ. ಪ್ರಾಕ್ಟೀಸ್ ಮುಗಿದ ಶಿಳ್ಳೆ ಬಿದ್ದ ಮೇಲೂ ಚೆಂಡು, ಪೋಲ್ ತೆಗೆಯದೆ ಹಾಗೇ ಇರಲು ಬಿಟ್ಟೆ. ವಾಚ್ ಹಿಡಿದು ಮೆಟ್ಟಿಲ ಮೇಲೆ ಕೂತೆ. ಯಾವ ನಂಬರಿನವರು ಎಷ್ಟು ನಿಮಿಷ ಉಳಿದರು ಅಂತ ಬರೆದುಕೊಂಡೆ. ಎಲ್ಲರಿಗೂ ಮೊದಲೇ ಒಪ್ಪಿಗೆ ಕೇಳಿದ್ದೆ, ಯಾವ ದಿನ ಅಂತ ಮಾತ್ರ ಹೇಳಿರಲಿಲ್ಲ.

ಖೋ-ಖೋ ಆಡುವ ಒಬ್ಬಳ ಲೆಕ್ಕ ಕೂಡಲೇ ಇಲ್ಲ. ಹಾಳೆಯಲ್ಲಿ ಖುಷಿಯ ಅಂಕಿ ಎಲ್ಲರಿಗಿಂತ ಮೇಲೆ. ಮೈದಾನದಲ್ಲಿ ಸೊನ್ನೆ ನಿಮಿಷ. ಶಿಳ್ಳೆ ಬಿದ್ದರೆ ಬ್ಯಾಗ್ ಎತ್ತಿ ಓಟ. ಅವಳೂ ಸುಮ್ನೆ 7 ಹಾಕಿದ್ದಾಳೆ ಅಂದುಕೊಂಡೆ. ಒಂದು ವಾರ ಬಿಟ್ಟು ಕೇಳಿದಾಗ ಗೊತ್ತಾಯಿತು. ಅವಳೂರಿಗೆ ಹೋಗುವ ಜಗಳೂರು ಕಡೆಯ ಬಸ್ ತಪ್ಪಿದರೆ ಮನೆ ಮುಟ್ಟುವಾಗ ಕತ್ತಲಾಗುತ್ತೆ. ಮನೆಯಲ್ಲಿ ಕತ್ತಲಾದ ಮೇಲೆ ಬಂದರೆ ಆಟಕ್ಕೇ ಕಳಿಸಲ್ಲ. ನನ್ನ ವಾಚ್ ಅಳೆದದ್ದು ಪ್ರೇರಣೆಯನ್ನಲ್ಲ, ಬಸ್ಸಿನ ಟೈಮನ್ನು. ಹಾಸ್ಟೆಲ್ ಹುಡುಗರಿಗೆ ಸಂಜೆ ಉಳಿಯುವುದು ಸಲೀಸು, ಹಳ್ಳಿಯಿಂದ ದಿನಾ ಓಡಾಡುವವರಿಗೆ ಅಲ್ಲ.

ಅಲ್ಲಿಂದ ಫಾರಂನ ಮೇಲೆ ‘ಮನೆಗೆ ಹೇಗೆ ಹೋಗುತ್ತೀರಿ, ಕೊನೆಯ ಬಸ್ ಎಷ್ಟಕ್ಕೆ’ ಅನ್ನುವ ಒಂದು ಸಾಲು ಸೇರಿಸಿದೆ. ನೋಡುವ ಹೊತ್ತನ್ನು ಬೆಳಿಗ್ಗೆಗೂ ಬದಲಿಸಿದೆ. ಕ್ಲಾಸ್ ಶುರುವಾಗುವುದು ಹತ್ತಕ್ಕೆ. ಮೊದಲ ದಿನ ಎಂಟೂವರೆಗೆ ನಾನು ಮೈದಾನಕ್ಕೆ ಹೋದಾಗ ಇದ್ದವಳು ಅವಳೊಬ್ಬಳೇ. ಚಪ್ಪಲಿ ಬ್ಯಾಗಿನ ಪಕ್ಕ ಜೋಡಿಸಿಟ್ಟು, ಬರಿಗಾಲಲ್ಲಿ ಓಡಿಬಂದು, ಎಡಗೈಯಲ್ಲಿ ಪೋಲ್ ಹಿಡಿದು ತಿರುಗುವುದನ್ನು ಮತ್ತೆ ಮತ್ತೆ ಮಾಡುತ್ತಿದ್ದಳು.