ಹೆಸರಿಗಿಂತ ಮೊದಲು ಫೆಲ್ಟ್: ಇಟಲಿಯ ಹಳೇ ಹ್ಯಾಟ್‌ಗಳ ಜೊತೆ ನನ್ನ ಅನುಭವ

ಹಳೇ ಇಟಾಲಿಯನ್ ಹ್ಯಾಟ್ ಕೈಗೆ ಸಿಕ್ಕರೆ ನಾನು ಒಳಗಿನ ಹೆಸರನ್ನು ಮೊದಲು ಓದುವುದಿಲ್ಲ. ಬ್ರಿಮ್ಮನ್ನು, ಅಂದರೆ ಸುತ್ತಲಿನ ಅಂಚನ್ನು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಉಜ್ಜುತ್ತೇನೆ. ಫೆಲ್ಟ್ ಅಂದರೆ ಉಣ್ಣೆ ಅಥವಾ ತುಪ್ಪಳವನ್ನು ನೇಯದೆ, ಒತ್ತಿ ಮಾಡಿದ ಬಟ್ಟೆ. ಒಳ್ಳೆಯ ಫೆಲ್ಟ್ ತೆಳ್ಳಗಿರುತ್ತದೆ, ಆದರೂ ಬಿಗಿಯಾಗಿರುತ್ತದೆ. ಬಗ್ಗಿಸಿದರೆ ಬಗ್ಗುತ್ತದೆ, ಬಿಟ್ಟರೆ ತನ್ನ ಆಕಾರಕ್ಕೆ ವಾಪಸ್ ಬರುತ್ತದೆ. ಬೆರಳಿಗೆ ಎಲ್ಲೂ ಗಂಟು ಸಿಗಬಾರದು. ಆಮೇಲೆ ಕಿಟಕಿಯ ಕಡೆಗೆ ಹಿಡಿದು ಬೆಳಕಿಗೆ ನೋಡುತ್ತೇನೆ. ನುಸಿ ತಿಂದಿದ್ದರೆ ಸೂಜಿ ಚುಚ್ಚಿದಂಥ ತೂತುಗಳು ಕಾಣುತ್ತವೆ. ಇಷ್ಟೆಲ್ಲ ಆದ ಮೇಲೇ ಹ್ಯಾಟ್ ತಿರುಗಿಸಿ ಹೆಸರು ಓದುವುದು.

ನಾನು ಕೆಲಸದ ಮೇಲೆ ಬಂದು ಇಟಲಿಯ ಟೊರಿನೊದಲ್ಲಿ (ಟ್ಯೂರಿನ್) ನೆಲೆಸಿದ್ದೇನೆ. ಇಲ್ಲಿ ಶನಿವಾರ ಬಾಲೊನ್ ಅನ್ನುವ ಹಳೇ ಸಾಮಾನಿನ ಸಂತೆ ನಡೆಯುತ್ತದೆ. ತಿಂಗಳ ಎರಡನೇ ಭಾನುವಾರ ಇದರ ದೊಡ್ಡ ರೂಪ, ಗ್ರಾನ್ ಬಾಲೊನ್. ಅಲ್ಲಿ ಹಳೇ ಬಟ್ಟೆ ಮಾರುವ ಒಬ್ಬ ಅಜ್ಜಿಯೇ ನನಗೆ ಫೆಲ್ಟ್ ಮುಟ್ಟಿ ನೋಡುವುದನ್ನು ಕಲಿಸಿದ್ದು. ಎರಡು ಹ್ಯಾಟ್ ಎದುರಿಗಿಟ್ಟು, ಕಣ್ಣು ಮುಚ್ಚಿ ಮುಟ್ಟು ಅಂದರು. ಒಂದು ಉಣ್ಣೆಯದು, ಇನ್ನೊಂದು ಮೊಲದ ತುಪ್ಪಳದ್ದು. ಒಮ್ಮೆ ಆ ವ್ಯತ್ಯಾಸ ಬೆರಳಿಗೆ ಗೊತ್ತಾದರೆ ಮತ್ತೆ ಮರೆಯುವುದಿಲ್ಲ. ಉಣ್ಣೆಯ ಫೆಲ್ಟ್ ದಪ್ಪ, ಸ್ವಲ್ಪ ಒರಟು. ಮಳೆಗೆ ಸಿಕ್ಕರೆ ಬೇಗ ಸೊರಗುತ್ತದೆ. ತುಪ್ಪಳದ ಫೆಲ್ಟ್ ಹಗುರ, ನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಾನು ಕೂಡಿಡುವುದು ಎರಡನೆಯದನ್ನು.

ಈ ಫೆಲ್ಟ್ ಹೇಗೆ ಹುಟ್ಟುತ್ತದೆ ಅನ್ನುವುದು ಗೊತ್ತಿದ್ದರೆ ಹ್ಯಾಟ್ ನೋಡುವ ಕಣ್ಣೇ ಬೇರೆಯಾಗುತ್ತದೆ. ನಮ್ಮ ಕಡೆಯ ಕಂಬಳಿ ನೋಡಿದವರಿಗೆ ಉಣ್ಣೆ ಅಂದರೆ ನೂಲು, ಮಗ್ಗ, ನೇಯ್ಗೆ. ಫೆಲ್ಟ್‌ನಲ್ಲಿ ನೂಲೂ ಇಲ್ಲ, ಮಗ್ಗವೂ ಇಲ್ಲ, ಅಂಟೂ ಇಲ್ಲ. ಮೊಲ, ಕಾಡುಮೊಲ, ಕೆಲವು ಸಲ ಬೀವರ್, ಇವುಗಳ ತುಪ್ಪಳದಲ್ಲಿ ಮೃದುವಾದ ಒಳಗೂದಲನ್ನು ಮಾತ್ರ ಆರಿಸುತ್ತಾರೆ. ಅದನ್ನು ಗಾಳಿಯಲ್ಲಿ ಹಾರಿಸಿ, ತೂತುಗಳಿರುವ ಒಂದು ದೊಡ್ಡ ತಾಮ್ರದ ಶಂಕುವಿನ ಮೇಲೆ ಕೂರಿಸುತ್ತಾರೆ. ಶಂಕುವಿನ ಒಳಗಿನಿಂದ ಗಾಳಿ ಎಳೆಯುವುದರಿಂದ ಕೂದಲು ಸುತ್ತಲೂ ತೆಳುವಾಗಿ ಅಂಟಿಕೊಳ್ಳುತ್ತದೆ. ಅದರ ಮೇಲೆ ಬಿಸಿನೀರು ಸುರಿದರೆ ಒಂದು ದೊಡ್ಡ ಗಂಟೆಯಾಕಾರದ ಪದರ ಎದ್ದು ಬರುತ್ತದೆ. ಎಷ್ಟು ದೊಡ್ಡದೆಂದರೆ ಒಬ್ಬ ಮನುಷ್ಯನ ಭುಜದವರೆಗೂ ಇಳಿಯುತ್ತದೆ! ಅದನ್ನು ಬಿಸಿನೀರಲ್ಲಿ ಮತ್ತೆ ಮತ್ತೆ ಉರುಳಿಸಿ, ಒತ್ತಿ, ಕುಗ್ಗಿಸುತ್ತಾರೆ. ಪ್ರತಿ ಕೂದಲಿನ ಮೇಲೂ ಕಣ್ಣಿಗೆ ಕಾಣದ ಚಿಪ್ಪುಗಳಿರುತ್ತವೆ. ಬಿಸಿ, ತೇವ, ಒತ್ತಡ ಮೂರೂ ಸೇರಿದಾಗ ಆ ಚಿಪ್ಪುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಎಷ್ಟು ಕುಗ್ಗಿಸಿದರೆ ಅಷ್ಟು ಬಿಗಿ. ಆಮೇಲೆ ಬಣ್ಣ, ಅಚ್ಚಿನ ಮೇಲೆ ಎಳೆಯುವುದು, ಮೇಲ್ಮೈಯನ್ನು ನುಣ್ಣಗೆ ತಿಕ್ಕುವುದು. ಗಟ್ಟಿ ಹ್ಯಾಟ್ ಬೇಕಾದರೆ ಅರಗು ಹಚ್ಚುತ್ತಾರೆ. ಆ ಅರಗು ಯೂರೋಪಿಗೆ ಹೋಗುತ್ತಿದ್ದುದು ಹೆಚ್ಚಾಗಿ ಭಾರತದಿಂದಲೇ. ಇಟಲಿಯ ಗಟ್ಟಿ ಹ್ಯಾಟ್ ಹಿಡಿದಾಗಲೆಲ್ಲ ಇದು ನೆನಪಾಗಿ ಖುಷಿಯಾಗುತ್ತದೆ.

ಇಟಲಿಯ ಹ್ಯಾಟ್ ಅಂದರೆ ಎಲ್ಲರ ಬಾಯಲ್ಲೂ ಬೊರ್ಸಾಲಿನೊ. ಅದು ನ್ಯಾಯವೇ. ಜುಸೆಪ್ಪೆ ಬೊರ್ಸಾಲಿನೊ ಹುಟ್ಟಿದ್ದು 1834ರಲ್ಲಿ. ಹುಡುಗನಾಗಿದ್ದಾಗಲೇ ಹ್ಯಾಟ್ ಕೆಲಸಕ್ಕೆ ಸೇರಿ, ಪ್ಯಾರಿಸ್ಸಿಗೆ ಹೋಗಿ ಕಲಿತು ಬಂದು, 1857ರಲ್ಲಿ ತಮ್ಮ ಲಾಝಾರೊ ಜೊತೆ ಅಲೆಸ್ಸಾಂಡ್ರಿಯಾ ಊರಿನಲ್ಲಿ ಕಾರ್ಖಾನೆ ಶುರು ಮಾಡಿದರು. 1900ರಲ್ಲಿ ಅವರು ತೀರಿಕೊಂಡ ಮೇಲೆ ಮಗ ತೆರೆಸಿಯೊ ನಡೆಸಿದರು. ಮೊದಲ ಮಹಾಯುದ್ಧದ ಹೊತ್ತಿಗೆ ವರ್ಷಕ್ಕೆ ಸುಮಾರು 20 ಲಕ್ಷ ಹ್ಯಾಟ್ ತಯಾರಾಗುತ್ತಿದ್ದವು. ದಕ್ಷಿಣ ಅಮೆರಿಕಕ್ಕೂ ಹೋಗುತ್ತಿದ್ದವು. ಬೊಲಿವಿಯಾದ ಲಾ ಪಾಜ್‌ನ ಹೆಂಗಸರು ಇವತ್ತಿಗೂ ತಲೆ ಮೇಲೆ ಇಟ್ಟುಕೊಳ್ಳುವ ದುಂಡನೆಯ ಬೌಲರ್ ಹ್ಯಾಟ್‌ಗಳಲ್ಲಿ ಬೊರ್ಸಾಲಿನೊಗೆ ಬಹಳ ಬೆಲೆ. 1911ರಲ್ಲಿ ಮಾರ್ಚೆಲ್ಲೊ ದುದೊವಿಚ್ ಅನ್ನುವ ಪೋಸ್ಟರ್ ಕಲಾವಿದ ಈ ಕಂಪನಿಗೆ ಮಾಡಿಕೊಟ್ಟ ಪೋಸ್ಟರ್ ಒಂದಿದೆ. ಕುರ್ಚಿಯ ಮೇಲೆ ಹ್ಯಾಟ್, ಕೈಗವಸು, ಕೋಲು ಅಷ್ಟೇ. ಹಾಕಿಕೊಳ್ಳುವ ಮನುಷ್ಯನೇ ಇಲ್ಲ. ಹ್ಯಾಟ್ ಬಗ್ಗೆ ಇದಕ್ಕಿಂತ ಒಳ್ಳೆಯ ಚಿತ್ರ ನಾನು ನೋಡಿಲ್ಲ.

ಅಲೆಸ್ಸಾಂಡ್ರಿಯಾ ನನ್ನ ಮನೆಯಿಂದ ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಹಳೇ ಕಾರ್ಖಾನೆಯ ಬಹುಭಾಗ 1980ರ ದಶಕದಲ್ಲಿ ಕೆಡವಲಾಯಿತು. ಉಳಿದ ಕಟ್ಟಡದಲ್ಲಿ ಈಗ ವಿಶ್ವವಿದ್ಯಾಲಯ ನಡೆಯುತ್ತಿದೆ. ಊರಲ್ಲಿ ಬೊರ್ಸಾಲಿನೊ ಮ್ಯೂಸಿಯಂ ಇದೆ. ಹಳೇ ಹ್ಯಾಟ್ ಕೊಳ್ಳುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕಾಲ ಕಾಲಕ್ಕೆ ಆಕಾರ ಹೇಗೆ ಬದಲಾಯಿತು ಅನ್ನುವುದು ಸಾಲಾಗಿ ಇಟ್ಟಾಗ ಮಾತ್ರ ಕಣ್ಣಿಗೆ ಹತ್ತುತ್ತದೆ.

ಆದರೆ ಬರೀ ಬೊರ್ಸಾಲಿನೊ ಹಿಂದೆ ಬಿದ್ದರೆ ಬೇರೆ ಒಳ್ಳೆಯ ಫೆಲ್ಟ್ ಕೈತಪ್ಪಿ ಹೋಗುತ್ತದೆ. ಬಿಯೆಲ್ಲಾ ಕಡೆಯ ಸಾಲ್ಯಾನೊ ಮಿಕ್ಕಾ ಅನ್ನುವ ಸಣ್ಣ ಊರಿನಲ್ಲಿ ಬಾರ್ಬಿಸಿಯೊ ಹ್ಯಾಟ್ ಕಂಪನಿ ಹುಟ್ಟಿತು, 1862ರಲ್ಲಿ. ಅದೇ ಊರಿನಲ್ಲಿ 1897ರಲ್ಲಿ ಚೆರ್ವೊ ಬಂತು. ಆಲ್ಪ್ಸ್‌ನಿಂದ ಇಳಿದು ಬರುವ ಹೊಳೆಯ ನೀರು ಅಲ್ಲಿ ತುಂಬಾ ಮೃದು. ಫೆಲ್ಟ್ ಕೆಲಸಕ್ಕೆ ಅಂಥ ನೀರೇ ಬೇಕು. ಮಜ್ಜೋರೆ ಸರೋವರದ ದಡದ ಗಿಫ್ಫಾದಲ್ಲಿ ಪಾನಿಝಾ ಇತ್ತು. ಆ ಹಳೇ ಕಾರ್ಖಾನೆಯ ಜಾಗದಲ್ಲೇ ಈಗ ಹ್ಯಾಟ್ ಕಲೆಯ ಒಂದು ಪುಟ್ಟ ಮ್ಯೂಸಿಯಂ ಇದೆ. ಮಿಲಾನೊ ಪಕ್ಕದ ಮೊಂಝಾ ಇನ್ನೊಂದು ದೊಡ್ಡ ಹ್ಯಾಟ್ ಊರು, ಆದರೆ ಅಲ್ಲಿ ಉಣ್ಣೆಯ ಫೆಲ್ಟ್ ಜಾಸ್ತಿ. ನನ್ನ ಮಟ್ಟಿಗೆ 1950ರ ಆಸುಪಾಸಿನ ಒಂದು ಒಳ್ಳೆಯ ಪಾನಿಝಾ ಅದೇ ಕಾಲದ ಬೊರ್ಸಾಲಿನೊಗೆ ಯಾವ ರೀತಿಯಲ್ಲೂ ಕಮ್ಮಿಯಲ್ಲ. ಬೆಲೆ ಮಾತ್ರ ಎಷ್ಟೋ ಕಮ್ಮಿ. ಸಂತೆಯಲ್ಲಿ ಇಬ್ಬರ ಪಿಜ್ಜಾ ಊಟದ ದುಡ್ಡಿಗೆ ಸಿಕ್ಕಿದ್ದೂ ಉಂಟು.

ಈಗ ಒಳಗೆ ನೋಡೋಣ. ಹಣೆಗೆ ತಾಗುವ ಚರ್ಮದ ಪಟ್ಟಿಯೇ ಹ್ಯಾಟ್‌ನ ಜಾತಕ. ಅದರ ಮೇಲೆ ಚಿನ್ನದ ಬಣ್ಣದಲ್ಲಿ ತಯಾರಕರ ಹೆಸರು, ಎಷ್ಟೋ ಸಲ ಮಾರಿದ ಅಂಗಡಿಯ ಹೆಸರು, ಊರು ಒತ್ತಿರುತ್ತಾರೆ. ಬೊರ್ಸಾಲಿನೊದಲ್ಲಿ ‘ಗ್ರಾಂ ಪ್ರಿ, ಪ್ಯಾರಿಸ್ 1900’ ಅಂತ ಕಂಡರೆ ಹ್ಯಾಟ್ ಅದೇ ವರ್ಷದ್ದು ಅಂದುಕೊಳ್ಳಬೇಡಿ. ಆ ಬಹುಮಾನದ ಹೆಸರನ್ನು ಅವರು ಆಮೇಲೆ ಎಷ್ಟೋ ದಶಕ ಒತ್ತುತ್ತಲೇ ಇದ್ದರು. 1900ಕ್ಕಿಂತ ಹಳೆಯದಲ್ಲ ಅಂತ ಮಾತ್ರ ಅದರಿಂದ ಹೇಳಬಹುದು. ಇನ್ನೊಂದು ಸಂಗತಿ: ಲಾಝಾರೊ ಅವರ ಮಗ ಜಿಯೋವಾನ್ನಿ ಬಾಟಿಸ್ಟಾ 20ನೇ ಶತಮಾನದ ಆರಂಭದಲ್ಲಿ ಬೇರೆಯಾಗಿ ಅದೇ ಊರಿನಲ್ಲಿ ತನ್ನದೇ ಕಾರ್ಖಾನೆ ಹಾಕಿದರು. ಅವರ ಹ್ಯಾಟ್‌ಗಳಲ್ಲಿ ‘ಫು ಲಾಝಾರೊ’, ಅಂದರೆ ದಿವಂಗತ ಲಾಝಾರೊನ ಮಗ, ಅಂತ ಇರುತ್ತದೆ. ನಕಲಿ ಅಂದುಕೊಂಡು ಇವನ್ನು ಬಿಟ್ಟುಹೋಗುವವರನ್ನು ನೋಡಿದ್ದೇನೆ. ನಕಲಿಯಲ್ಲ, ಒಂದೇ ಮನೆತನದ ಇನ್ನೊಂದು ಕವಲು. ಎರಡನೇ ಮಹಾಯುದ್ಧಕ್ಕೆ ಮೊದಲೇ ಅದು ಮೂಲ ಕಂಪನಿಯಲ್ಲಿ ಸೇರಿಹೋಯಿತು. ಹಾಗಾಗಿ ಆ ಹೆಸರಿದ್ದರೆ ಹ್ಯಾಟ್‌ನ ಕಾಲ ಹೇಳುವುದು ಸುಲಭ.

ಹೆಸರು ಅಳಿಸಿಹೋಗಿದ್ದರೆ ಆಕಾರವೇ ಗತಿ. 1930, 40ರ ದಶಕದವುಗಳಲ್ಲಿ ಬ್ರಿಮ್ ಅಗಲ, ರಿಬ್ಬನ್ನೂ ಅಗಲ. 1960ರ ಹೊತ್ತಿಗೆ ಎರಡೂ ಸಣ್ಣಗಾದವು. ರಿಬ್ಬನ್ ಸುತ್ತ ಒಂದು ತೆಳು ದಾರ, ತುದಿಗೆ ಪುಟ್ಟ ಗುಂಡಿ ಇದ್ದರೆ ಅದು ಗಾಳಿಗೆ ಹಾರದಂತೆ ಕೋಟಿನ ಕಾಜಕ್ಕೆ ಸಿಕ್ಕಿಸುವ ದಾರ. ಅದು ಹರಿಯದೆ ಉಳಿದಿರುವ ಹ್ಯಾಟ್ ಸಿಕ್ಕರೆ ನಾನು ಚೌಕಾಸಿ ಮಾಡುವುದೇ ಇಲ್ಲ.

ಅಳತೆಯ ವಿಷಯ ಸ್ವಲ್ಪ ಗಮನ ಇಟ್ಟು ಕೇಳಿ. ಹಳೇ ಇಟಾಲಿಯನ್ ಹ್ಯಾಟ್‌ಗಳಲ್ಲಿ 4, 5 ಅಂತ ಚಿಕ್ಕ ಅಂಕೆಗಳಿರುತ್ತವೆ. ಅವು ಸೆಂಟಿಮೀಟರ್ ಅಲ್ಲ. ಅರ್ಧ ಅಂಕೆ ಏರಿದರೆ ತಲೆಯ ಸುತ್ತಳತೆ ಒಂದು ಸೆಂಟಿಮೀಟರ್ ಏರುತ್ತದೆ. ಆದರೆ ಅಂಕೆಯನ್ನು ನಂಬಿ ಕೊಳ್ಳಬೇಡಿ. ಚರ್ಮ ಒಣಗಿ ಕುಗ್ಗುತ್ತದೆ, ಅದರ ಜೊತೆ ಹ್ಯಾಟೂ ಕುಗ್ಗುತ್ತದೆ. ನಾನು ಟೇಪನ್ನು ಯಾವಾಗಲೂ ಜೇಬಲ್ಲಿ ಇಟ್ಟುಕೊಂಡಿರುತ್ತೇನೆ, ಚರ್ಮದ ಪಟ್ಟಿಯ ಒಳಸುತ್ತನ್ನು ಅಳೆದೇ ಕೊಳ್ಳುವುದು. ಸ್ವಲ್ಪ ಸಡಿಲವಾದರೆ ಪಟ್ಟಿಯ ಹಿಂದೆ ಕಾಗದದ ಮಡಿಕೆ ಇಟ್ಟು ಸರಿಮಾಡಬಹುದು. ಬಿಗಿಯಾದರೆ ಎಳೆದು ದೊಡ್ಡದು ಮಾಡುವುದು ಕಷ್ಟ, ಹಳೇ ಚರ್ಮ ಹರಿಯುತ್ತದೆ.

ಮನೆಗೆ ತಂದ ಹ್ಯಾಟ್ ನೇರ ಕಪಾಟಿಗೆ ಹೋಗುವುದಿಲ್ಲ. ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿ, ಸೊನ್ನೆಗಿಂತ 18 ಡಿಗ್ರಿ ಕೆಳಗೆ. ನುಸಿ, ಅದರ ಮೊಟ್ಟೆ ಎಲ್ಲ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಹಾಗೇ ಬಿಡಬೇಕು, ಇಲ್ಲವಾದರೆ ಫೆಲ್ಟ್ ಮೇಲೆ ನೀರು ಕೂರುತ್ತದೆ. ಆಮೇಲೆ ಕುದುರೆ ಕೂದಲಿನ ಮೆತ್ತನೆಯ ಬ್ರಷ್. ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಕೂದಲು ಮಲಗಿರುವ ದಿಕ್ಕಿನಲ್ಲೇ. ಕಪ್ಪು ಹ್ಯಾಟ್‌ಗೆ ಒಂದು, ತಿಳಿ ಬಣ್ಣಕ್ಕೆ ಇನ್ನೊಂದು ಬ್ರಷ್ ಇಟ್ಟಿದ್ದೇನೆ. ಆಕಾರ ಕೆಟ್ಟಿದ್ದರೆ ಕೆಟಲ್ ಹಬೆಗೆ ಹಿಡಿದು, ಫೆಲ್ಟ್ ಮೆತ್ತಗಾದ ತಕ್ಷಣ ಬೆರಳಿನಿಂದ ತಿದ್ದಿ, ತಣ್ಣಗಾಗಲು ಬಿಡುವುದು. ಈ ಹಬೆಯ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಎಷ್ಟೋ ವರ್ಷ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಬಿದ್ದಿದ್ದ ಹ್ಯಾಟ್ ಕೆಲವೇ ನಿಮಿಷದಲ್ಲಿ ಎದ್ದು ನಿಲ್ಲುತ್ತದೆ. ಅಗ್ಗದ ಫೆಲ್ಟ್ ಹಾಗೆ ಏಳುವುದಿಲ್ಲ.

ಚರ್ಮದ ಪಟ್ಟಿ ಒಣಗಿದ್ದರೆ ಬಣ್ಣವಿಲ್ಲದ ಚರ್ಮದ ಕ್ರೀಮನ್ನು ತೆಳ್ಳಗೆ, ಫೆಲ್ಟ್‌ಗೆ ತಾಗದಂತೆ ಹಚ್ಚಿ. ಹ್ಯಾಟ್ ಎತ್ತುವಾಗ ಮುಂದಿನ ಚಿವುಟಿದ ಮಡಿಕೆಯನ್ನು ಹಿಡಿಯಬೇಡಿ, ಫೆಲ್ಟ್ ಸೀಳುವುದು ಅಲ್ಲೇ. ಬ್ರಿಮ್ ಹಿಡಿದು ಎತ್ತಿ. ಮೇಜಿನ ಮೇಲೆ ಇಡುವಾಗ ತಲೆಕೆಳಗಾಗಿ ಇಡಿ, ಬ್ರಿಮ್ ಬಾಗುವುದಿಲ್ಲ. ಊರಿಗೆ ಕೊಂಡೊಯ್ದ ಹ್ಯಾಟ್‌ಗಳ ವಿಷಯದಲ್ಲಿ ನನಗೆ ಭಯ ಇರುವುದು ಮಳೆಗಾಲದ್ದು. ಕರಾವಳಿಯ, ಮಲೆನಾಡಿನ ತೇವದಲ್ಲಿ ಫೆಲ್ಟ್‌ಗಿಂತ ಮೊದಲು ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಡಬ್ಬಿ ತೆರೆದು ಗಾಳಿಗಿಡಬೇಕು.

ಒಂದು ಎಚ್ಚರಿಕೆ. 19ನೇ ಶತಮಾನದಲ್ಲಿ ಮತ್ತು ಅದರ ನಂತರವೂ ತುಪ್ಪಳ ಸುಲಭವಾಗಿ ಫೆಲ್ಟ್ ಆಗಲಿ ಅಂತ ಪಾದರಸದ ನೈಟ್ರೇಟ್ ಹಚ್ಚುತ್ತಿದ್ದರು. ಅದರ ಹೊಗೆ ಕುಡಿದು ಯೂರೋಪಿನ ಎಷ್ಟೋ ಹ್ಯಾಟ್ ಕಾರ್ಮಿಕರಿಗೆ ಕೈನಡುಕ ಬಂತು, ಬುದ್ಧಿ ಕಲಕಿತು. ಆ ಪಾದರಸ ಹಳೇ ಹ್ಯಾಟ್‌ಗಳಲ್ಲಿ ಈಗಲೂ ಉಳಿದಿರಬಹುದು. ಅದಕ್ಕೇ ಅಷ್ಟು ಹಳೆಯವನ್ನು ನಾನು ಹಬೆಗೆ ಹಿಡಿಯುವುದಿಲ್ಲ, ತಲೆಗೂ ಹಾಕುವುದಿಲ್ಲ. ಕೈಗವಸು ಹಾಕಿ ಮುಟ್ಟಿ, ಡಬ್ಬಿಯಲ್ಲಿ ಇಡುತ್ತೇನೆ. ಇಷ್ಟು ನುಣುಪಾದ ವಸ್ತುವಿನ ಹಿಂದೆ ಆ ಜನರ ಆರೋಗ್ಯವೂ ಹೋಗಿದೆ ಅನ್ನುವುದನ್ನು ಕೂಡಿಡುವವರು ತಿಳಿದಿರಬೇಕು.

ಎರಡನೇ ಮಹಾಯುದ್ಧದ ನಂತರದವನ್ನು ಮಾತ್ರ ಚಳಿಗಾಲ ಪೂರ್ತಿ ಹಾಕಿಕೊಂಡು ತಿರುಗುತ್ತೇನೆ. ಬೂದು ಬಣ್ಣದ ಬಾರ್ಬಿಸಿಯೊ ಆಫೀಸಿಗೆ, ಕಂದು ಪಾನಿಝಾ ರಜೆಯ ದಿನಕ್ಕೆ. ಸದ್ಯ ಹುಡುಕುತ್ತಿರುವುದು ಅಳತೆ 5ರ ಒಂದು ‘ಫು ಲಾಝಾರೊ’, ಅಂಚಿಗೆ ರಿಬ್ಬನ್ ಹೊಲಿದದ್ದು. ದೊಡ್ಡ ತಲೆಯ ಹಳೇ ಹ್ಯಾಟ್‌ಗಳು ಬೇಗ ಮಾರಾಟವಾಗಿ ಹೋಗುತ್ತವೆ. ತಿಂಗಳ ಮೊದಲ ಭಾನುವಾರ ಅರೆಜ್ಜೊದಲ್ಲಿ ನಡೆಯುವ ಹಳೇ ವಸ್ತುಗಳ ಜಾತ್ರೆ ಹಿಂದಿನ ದಿನ ಶನಿವಾರವೇ ಶುರುವಾಗುತ್ತದೆ. ಹ್ಯಾಟ್ ಬೇಕಾದವರು ಶನಿವಾರ ಬೆಳಿಗ್ಗೆಯೇ ಅಲ್ಲಿರಬೇಕು.