ಥರ್ಮೊಕೋಲ್ ಬೋರ್ಡಿನಲ್ಲಿ ಮೊದಲ ತೆರೆ: ನನ್ನ ಅನುಭವ

ಥರ್ಮೊಕೋಲಿನಲ್ಲಿ ಸರ್ಫ್ ಬೋರ್ಡ್ (ತೆರೆಯ ಮೇಲೆ ನಿಂತು ಜಾರುವ ಹಲಗೆ) ಮಾಡ್ತೇನೆ ಅಂದಾಗ ಫೈಬರ್ ದೋಣಿ ಮಾಡುವವರು ನಕ್ಕಿದ್ದರು. "ಒಂದೇ ತೆರೆಗೆ ತುಂಡಾಗ್ತದೆ ಮಾರಾಯ್ರೆ." ಎರಡು ಸೀಸನ್ ಮುಗಿಯಿತು, ತುಂಡಾಗಿಲ್ಲ. ಮಂಗಳೂರು ಕಡೆಯ ಸಸಿಹಿತ್ಲು ಕಡಲತೀರದಲ್ಲಿ ಮೊದಲ ಸಲ ನೀರಿಗಿಳಿದ ಹದಿನೈದಿಪ್ಪತ್ತು ಮಂದಿ ಎದ್ದು ನಿಂತದ್ದು ಇದರ ಮೇಲೆಯೇ.

ಮೊದಲೆರಡು ಬೋರ್ಡ್ ಹಾಳಾದದ್ದು ನಿಜ. ಒಂದನೆಯದಕ್ಕೆ ಅಗ್ಗವೆಂದು ದೋಣಿಯ ಪಾಲಿಯೆಸ್ಟರ್ ರೆಸಿನ್ (ಹಚ್ಚಿದ ಮೇಲೆ ಗಟ್ಟಿಯಾಗುವ ಅಂಟು) ಹಚ್ಚಿದ್ದೆ. ಅದರಲ್ಲಿರುವ ಸ್ಟೈರೀನ್ ಥರ್ಮೊಕೋಲನ್ನು ತಿನ್ನುತ್ತದೆ. ಕೆಳಗೆ ಪೇಂಟ್ ಬಳಿದು ತಡೆಯಲು ನೋಡಿದರೆ, ಸೂಜಿಮೊನೆಯಷ್ಟು ಜಾಗ ಬಿಟ್ಟುಹೋದಲ್ಲೂ ಒಳಗೆ ಗುಹೆ. ಎರಡನೆಯದಕ್ಕೆ ಸ್ಟೈರೀನ್ ಇಲ್ಲದ ಎಪಾಕ್ಸಿ ರೆಸಿನ್ ತಂದೆ, ಆದರೆ ನೇಯ್ದ ಗ್ಲಾಸ್ ಬಟ್ಟೆಯ ಬದಲು ಚಾಪ್ಡ್ ಮ್ಯಾಟ್ (ಗಾಜಿನ ತುಂಡು ಎಳೆಗಳ ಹಾಸು) ಹಾಕಿದೆ. ಮ್ಯಾಟಿನ ಎಳೆಗಳನ್ನು ಹಿಡಿದಿಡುವ ಅಂಟು ಸ್ಟೈರೀನಿಗೆ ಕರಗುತ್ತದೆ, ಎಪಾಕ್ಸಿಗೆ ಜಗ್ಗುವುದಿಲ್ಲ. ಅಂಚಿನಲ್ಲಿ ಬಗ್ಗದೆ ಸೆಟೆದು ನಿಂತಿತು, ನಡುವೆಲ್ಲ ಬಿಳಿ ಕಲೆ. ಎರಡೂ ಸೇರಿ ಒಂಬತ್ತು ಸಾವಿರದಷ್ಟು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಮೂರನೆಯದು ಕೈಹಿಡಿಯಿತು. 9 ಅಡಿ ಉದ್ದ, 23 ಇಂಚು ಅಗಲ, ನಡುವೆ ಮೂರೂಕಾಲು ಇಂಚು ದಪ್ಪ. ಪ್ಯಾಕಿಂಗ್ ಥರ್ಮೊಕೋಲ್ ಫ್ಯಾಕ್ಟರಿಯಲ್ಲಿ 20 ಡೆನ್ಸಿಟಿ (ಘನ ಮೀಟರಿಗೆ 20 ಕಿಲೋ) ಕೇಳಿ, ಅಲ್ಲೇ ತೂಗಿಸಿ. 9 ಅಡಿ, 2 ಅಡಿ, 5 ಇಂಚಿನ ತುಂಡು ನಾಲ್ಕು ಕಿಲೋ ದಾಟಬೇಕು. ಎರಡೂವರೆ ತೂಗಿದರೆ 12ರ ಮಾಲು, ಮೊಣಕಾಲು ಊರಿದ ಕಡೆ ಗುಂಡಿ ಬೀಳುತ್ತದೆ.

ಕತ್ತರಿಸಲು 26 ಗೇಜಿನ ನೈಕ್ರೋಮ್ ತಂತಿ, 12 ವೋಲ್ಟ್ ಬ್ಯಾಟರಿ. ಕಾದ ತಂತಿ ಉದ್ದವಾಗಿ ಜೋಲುತ್ತದೆ, ಒಂದು ತುದಿಗೆ ಸ್ಪ್ರಿಂಗ್ ಇರಲಿ. ತುಂಡಿನ ಎರಡೂ ಪಕ್ಕಕ್ಕೆ ಬೋರ್ಡಿನ ಆಕಾರದ ಟೆಂಪ್ಲೇಟ್ ಕೂರಿಸಿ, ಅವುಗಳ ಮೇಲೆ ಇಬ್ಬರು ಸೇರಿ ತಂತಿ ಎಳೆಯಬೇಕು. ಒಬ್ಬರು ಮುಂದೆ ಹೋದರೆ ಏಣು ಬೀಳುತ್ತದೆ, ಟೆಂಪ್ಲೇಟಿನ ಮೇಲೆ ಅಂಕಿ ಬರೆದುಕೊಂಡು ಎಣಿಸುತ್ತಾ ಎಳೆಯಿರಿ. ಮೂತಿ ಮೂರೂವರೆ ಇಂಚು, ಬಾಲ ಒಂದೂವರೆ ಇಂಚು ಎದ್ದಿರಲಿ. ತುಂಡಾಗದಂತೆ ನಡುವೆ ಉದ್ದಕ್ಕೆ ಸೀಳಿ 4 ಎಂಎಂ ಮರೀನ್ ಪ್ಲೈ (ನೀರು ತಾಳುವ ಪ್ಲೈವುಡ್) ಪಟ್ಟಿ ಕೂರಿಸಿದ್ದೇನೆ. ದೋಣಿಯವರ ಮಾತಿಗೆ ಉತ್ತರ ಇದೇ ಪಟ್ಟಿ.

ನಾನು ಬಳಸಿದ ಎಪಾಕ್ಸಿಗೆ ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ನೂರಕ್ಕೆ ಹತ್ತು, ತೂಕದ ಲೆಕ್ಕ. ಮುಚ್ಚಳದಲ್ಲಿ ಅಳೆಯುವ ಚಾಳಿ ಬೇಡ. ಒಮ್ಮೆಗೆ 250 ಗ್ರಾಂ ಕಲಸಿ. ಅರ್ಧ ಕಿಲೋ ಕಲಸಿ ಮಗ್ಗಿನಲ್ಲೇ ಬಿಟ್ಟಾಗ ಹೊಗೆ ಎದ್ದಿತ್ತು. ಮೊದಲು ಮೈಕ್ರೋಬಲೂನ್ (ಪುಡಿಯಂಥ ಟೊಳ್ಳು ಗುಳಿಗೆ) ಬೆರೆಸಿದ ಎಪಾಕ್ಸಿಯ ತೆಳು ಲೇಪ ಎಳೆದು ಮಣಿಗಳ ಸಂದು ಮುಚ್ಚಿ, ಇಲ್ಲದಿದ್ದರೆ ರೆಸಿನ್ ಕುಡಿದು ಕುಡಿದು ಬೋರ್ಡ್ ಭಾರವಾಗುತ್ತದೆ. ಆಮೇಲೆ ಎಪಾಕ್ಸಿಯಲ್ಲಿ 200 ಜಿಎಸ್ಎಂ (ಚದರ ಮೀಟರಿಗೆ 200 ಗ್ರಾಂ) ಗ್ಲಾಸ್ ಬಟ್ಟೆ, ಬೋರ್ಡಿನ ಕೆಳಮೈಗೆ ಒಂದು ಪದರ, ಮೇಲ್ಮೈಗೆ ಎರಡು.

ಇದನ್ನೆಲ್ಲ ಸಂಜೆ, ಬಿಸಿ ಇಳಿಯುವಾಗಲೇ ಮಾಡಿ. ಬೆಳಿಗ್ಗೆ ಹಚ್ಚಿದರೆ ಕಾಯುತ್ತಾ ಹೋಗುವ ಥರ್ಮೊಕೋಲಿನ ಗಾಳಿ ಹಿಗ್ಗಿ ಬಟ್ಟೆಯಡಿ ಗುಳ್ಳೆ ಏಳುತ್ತದೆ. ಕರಾವಳಿಯ ತೇವಕ್ಕೆ ಒಣಗಿದ ಮೇಲೆ ಜಿಡ್ಡಿನ ಪೊರೆ ಕೂರುತ್ತದೆ. ನೀರು ಹಾಕಿ ತಿಕ್ಕಿ ತೊಳೆದ ಮೇಲೆಯೇ ಸ್ಯಾಂಡ್‌ಪೇಪರ್. ವಾರ ಬಿಟ್ಟು ನೀರಿಗೆ. ಫಿನ್ (ಬಾಲದಡಿಯ ರೆಕ್ಕೆ) ಮರೀನ್ ಪ್ಲೈನದು, ಅಂಚು ದುಂಡಗೆ. ಒಟ್ಟು ತೂಕ ಏಳು ಕಿಲೋ ಹತ್ತಿರ, ಖರ್ಚು ಹದಿಮೂರೋ ಹದಿನಾಲ್ಕೋ ಸಾವಿರ.

ಮೇಲೆ ಗಾಳಿ ಬಿಡಲು ಒಂದು ಸಣ್ಣ ಸ್ಕ್ರೂ ಇಟ್ಟಿದ್ದೇನೆ. ಬಿಸಿಲಿಗೆ ತೆಗೆಯಬೇಕು, ನೀರಿಗೆ ಬಿಗಿಯಬೇಕು. ಮರೆತ ಒಂದು ಮಧ್ಯಾಹ್ನಕ್ಕೆ ಅಂಗೈಯಗಲ ಬಟ್ಟೆ ಎದ್ದುಬಂತು.

ಗಟ್ಟಿ ಬೋರ್ಡ್ ಹೊಸಬರ ಗಲ್ಲಕ್ಕೆ ಬಡಿಯುತ್ತದೆ. ಮೂತಿಯ ಅಂಚಿಗೆ ಸೀಳಿದ ಸೈಕಲ್ ಟ್ಯೂಬ್, ಮೂತಿಯ ಕಡೆ ಬಿಟ್ಟು ಉಳಿದ ಮೇಲ್ಮೈಗೆ 6 ಎಂಎಂ ಯೋಗಾ ಮ್ಯಾಟ್ ಅಂಟಿಸಿದೆ. ಮ್ಯಾಟ್ ಇಲ್ಲದ ಮೂತಿಯ ಕಡೆಗೆ ಜಾರದಂತೆ ಮೇಣ ಬೇಕಿತ್ತು. ಜೇನುಮೇಣ, ಪ್ಯಾರಾಫಿನ್, ಕೊಬ್ಬರಿ ಎಣ್ಣೆ ಕಾಯಿಸಿ ನೋಡಿದ್ದಾಯಿತು. ಕೊಬ್ಬರಿ ಎಣ್ಣೆ ಕರಗುವುದೇ 24 ಡಿಗ್ರಿ ಸುಮಾರಿಗೆ, ನಮ್ಮ ಸಮುದ್ರವೇ 28ರ ಮೇಲೆ. ಬೋರ್ಡ್ ಬಾಣಲೆಯಂತೆ ಜಾರಿತು. ಎಣ್ಣೆ ಬಿಟ್ಟು ಚೂರು ರಾಳ ಹಾಕಿದ ಮೇಲೆ ಹಿಡಿತ ಬಂತು. ಅಳತೆ ಮಾತ್ರ ಕೇಳಬೇಡಿ.

ಇನ್ನು ನೀರು. ಈಜು ಬಾರದವರನ್ನು ಹತ್ತಿಸುವುದಿಲ್ಲ. ಶಾಂಭವಿ, ನಂದಿನಿ ಕಡಲು ಸೇರುವ ಅಳಿವೆಬಾಯಿಯ ಸೆಳೆತದಿಂದ ದೂರ ಸರಿದು, ಸೊಂಟದ ನೀರಿನಲ್ಲಿ, ಒಡೆದು ಬರುವ ನೊರೆತೆರೆಗೆ. ಮಳೆಗಾಲ ಕಳೆದ ಮೇಲೆ, ಬೆಳಿಗ್ಗೆ ಹತ್ತರೊಳಗೆ. ಆಮೇಲೆ ಕಡಲಗಾಳಿ ಎದ್ದು ತೆರೆ ಕಲಸಿಹೋಗುತ್ತದೆ. ಲೀಶ್ (ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ) ನಿಂತಾಗ ಹಿಂದಿರುವ ಕಾಲಿಗೆ, ಬೋರ್ಡಿನಷ್ಟೇ ಉದ್ದ. ಮಲಗಿದಾಗ ಮೂತಿ ನೀರಿನಿಂದ ಎರಡು ಬೆರಳು ಮೇಲಿರಲಿ: ಮುಂದೆ ಮಲಗಿದರೆ ಮುಗ್ಗರಿಸುತ್ತದೆ, ಹಿಂದಾದರೆ ತೆರೆ ಬಿಟ್ಟುಹೋಗುತ್ತದೆ. ಸರಿಯಾದ ಜಾಗ ಸಿಕ್ಕಾಗ ಗಲ್ಲದ ನೇರಕ್ಕೆ ಒಂದು ಬಣ್ಣದ ಟೇಪ್ ಹಚ್ಚಿಬಿಡುತ್ತೇನೆ, ಅರ್ಧ ಕಲಿಕೆ ಅಲ್ಲಿಗೆ ಮುಗಿಯಿತು. ಏಳುವಾಗ ಅಂಗೈ ಪಕ್ಕೆಲುಬಿನ ಹತ್ತಿರ, ಕಣ್ಣು ದಡದ ಮೇಲೆ. ಬೋರ್ಡಿನ ಅಂಚು ಹಿಡಿದು ಎದ್ದವರು ಪಕ್ಕಕ್ಕೆ ಮಗುಚುತ್ತಾರೆ. ಬಿದ್ದರೆ ಚಪ್ಪಟೆಯಾಗಿ ಬೀಳಿ, ಏಳುವಾಗ ತಲೆಗೆ ಕೈ ಅಡ್ಡ.

ಎಲ್ಲಾದರೂ ಬಿರುಕು ಕಂಡರೆ ಆ ಕ್ಷಣವೇ ದಡಕ್ಕೆ ತಂದು ಟೇಪ್ ಹಾಕಿ, ಥರ್ಮೊಕೋಲ್ ನೀರು ಹೀರುತ್ತದೆ. 80 ಕಿಲೋ ದಾಟಿದವರಿಗೆ ಈ ಬೋರ್ಡ್ ಸಾಲದು. ಅವರಿಗೆಂದು 24 ಇಂಚು ಅಗಲದ, ಮೂರೂಮುಕ್ಕಾಲು ಇಂಚು ದಪ್ಪದ ಇನ್ನೊಂದು ಶೆಡ್ಡಿನಲ್ಲಿ ಒಣಗುತ್ತಿದೆ.